ಮೂರು ವರ್ಷದ ಮಗುವನ್ನು ಮೊದಲ ಸಲ ಹಲ್ಲಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗುವ ಮೊದಲು ಎಂತ ತಯಾರಿ ಮಾಡ್ಬೇಕು?

ನೋವು ಬರುವವರೆಗೆ ಕಾಯ್ಬೇಡಿ, ಅದೇ ದೊಡ್ಡ ತಯಾರಿ. ನಿಜವಾಗಿ ಒಂದು ವರ್ಷ ತುಂಬುವುದರೊಳಗೇ ಒಮ್ಮೆ ತೋರಿಸ್ಬೇಕಿತ್ತು, ಪರವಾಗಿಲ್ಲ, ಈಗ ಹೋಗಿ. ಹಾಲುಹಲ್ಲು ಹೇಗೂ ಬಿದ್ದು ಹೋಗ್ತದೆ ಅಂತ ಹಿರಿಯರು ಹೇಳ್ಬಹುದು, ಆದ್ರೆ ದವಡೆಯ ಹಾಲುಹಲ್ಲು 10-12 ವರ್ಷದವರೆಗೆ ಬೇಕಾದದ್ದು.

ಎರಡು ಮೂರು ದಿನ ಮೊದಲು ಮನೆಯಲ್ಲೇ ಆಟ ಶುರು ಮಾಡಿ, ಮಗುವನ್ನು ಮಡಿಲಲ್ಲಿ ಮಲಗಿಸಿ ಬಾಯಿ ತೆರೆಸಿ ಸಣ್ಣ ಚಮಚದ ಹಿಡಿಯಿಂದ ಮೆಲ್ಲ ಮುಟ್ಟಿ ಮುಟ್ಟಿ ಹಲ್ಲು ಎಣಿಸಿ, ಮೇಲೆ ಹತ್ತು, ಕೆಳಗೆ ಹತ್ತು, ಆಮೇಲೆ ನಿಮ್ಮ ಹಲ್ಲು ಎಣಿಸ್ಲಿಕ್ಕೆ ಅದಕ್ಕೂ ಬಿಡಿ. "ಸೂಜಿ ಇಲ್ಲ, ನೋವಾಗುದಿಲ್ಲ" ಅಂತ ಹೇಳ್ಲೇಬೇಡಿ, ಅದನ್ನು ಕೇಳಿದ ಮೇಲೆಯೇ ಮಗುವಿಗೆ ಸೂಜಿ ನೆನಪಾಗುದು. ಹಠ ಮಾಡಿದ್ರೆ ಡಾಕ್ಟ್ರು ಹಲ್ಲು ಕೀಳ್ತಾರೆ ಅಂತ ಹೆದರಿಸುವವರನ್ನು ದಯವಿಟ್ಟು ತಡೀರಿ.

ನಮ್ಮ ಕಾಸರಗೋಡಲ್ಲಿ ಇನ್ನೊಂದು ಉಂಟು. ಮನೆಯಲ್ಲಿ ಕನ್ನಡ, ತುಳು ಮಾತ್ರ ಕೇಳಿ ಬೆಳೆದ ಮಗುವಿಗೆ ಮಾಸ್ಕ್ ಹಾಕಿದ ಡಾಕ್ಟ್ರು ಮಲಯಾಳದಲ್ಲಿ ಮಾತಾಡಿದ್ರೆ ಗಾಬರಿ ಆಗ್ತದೆ, ಹಾಗಾಗಿ ಅಪಾಯಿಂಟ್‌ಮೆಂಟ್ ತೆಗೊಳ್ಳುವಾಗ್ಲೇ ಹೇಳಿಡಿ, ಒಳಗೆ ನೀವೇ ಹತ್ತಿರ ಇದ್ದು ಮನೆಮಾತಲ್ಲಿ ಹೇಳ್ತಾ ಇರಿ. ತುಂಬಾ ಸಣ್ಣವರಾದ್ರೆ ಡಾಕ್ಟ್ರು ಮತ್ತೆ ಅಮ್ಮ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಮಗುವಿನ ತಲೆ ಡಾಕ್ಟ್ರ ಮಡಿಲಿಗೆ ಬರುವ ಹಾಗೆ ಮಲಗಿಸಿ ನೋಡ್ತಾರೆ. ಅಳ್ತದೆ, ಅಳ್ಲಿ. ಅತ್ತಾಗ ಬಾಯಿ ಚೆನ್ನಾಗಿ ಕಾಣ್ತದೆ.

ನಿದ್ದೆ ಆಗಿ ಹೊಟ್ಟೆ ತುಂಬಿದ ಬೆಳಗಿನ ಹೊತ್ತಿಗೇ ಟೈಮ್ ಕೇಳಿ. ಮೂರು ದಾಟಿದ ಮೇಲೆ ಫ್ಲೋರೈಡ್ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ವಾಪಸ್ ಬರುವಾಗ ಬಹುಮಾನ ಅಂತ ಚಾಕಲೇಟ್ ಮಾತ್ರ ಬೇಡ, ಬಲೂನ್ ಕೊಡ್ಸಿ.