ಪೆನಾಂಗಿನ ಬೀಗರ ಮನೆಗೆ ಏನು ಒಯ್ಯಲಿ?

ಚೀನೀ ಹೊಸ ವರ್ಷಕ್ಕೆ ಮಲೇಷ್ಯಾದ ಪೆನಾಂಗಿನ ಬೀಗರ ಮನೆಗೆ ಏನು ಒಯ್ಯಲಿ ಅಂತ ಕೇಳಿದ್ದೀರಿ. ಕಿತ್ತಳೆ ಒಯ್ಯಿರಿ, ಜೋಡಿ ಲೆಕ್ಕದಲ್ಲಿ, ಎರಡೂ ಕೈಯಲ್ಲಿ ಕೊಡಿ. ಗಡಿಯಾರ ಮಾತ್ರ ಬೇಡ, ಸಾವಿನ ಸೂಚನೆ ಅಂತ ನೊಂದುಕೊಳ್ಳುತ್ತಾರೆ.

ನಮ್ಮ ಅತ್ತಿಗೆಯ ತವರು ಅಲ್ಲಿನ ಜಾರ್ಜ್‌ಟೌನ್, ಹೊಕ್ಕಿಯೆನ್ ಎಂಬ ಚೀನೀ ನುಡಿ ಮಾತಾಡುವ ಮನೆ. ಅವರಜ್ಜಿ ನನ್ನನ್ನು ಹೊಸ್ತಿಲಲ್ಲೇ 'ಚಿಯಾ ಪಾ ಬೋಯ್?' ಅಂತ ಕೇಳಿದರು. ನಮ್ಮ 'ಊಟ ಆಯ್ತಾ?'ನೇ ಅದು! ಕಣ್ಣು ತುಂಬಿ ಬಂತು ನನಗೆ.

ಆದರೆ ಹಬ್ಬದ ಎಂಟನೇ ದಿನದ ರಾತ್ರಿವರೆಗೂ ಉಳಿಯಿರಿ. ನಡುರಾತ್ರಿ ಅವರ ಸ್ವರ್ಗದೊಡೆಯ ಜೇಡ್ ಚಕ್ರವರ್ತಿಯ ಪೂಜೆ. ಮೇಜಿನ ಎರಡೂ ಪಕ್ಕ ಗರಿ ಸಮೇತ ಇಡೀ ಕಬ್ಬಿನ ಜಲ್ಲೆ ಕಟ್ಟಿರುತ್ತಾರೆ. ಯಾಕೆಂದರೆ, ಹಿಂದೊಮ್ಮೆ ದಾಳಿಯಾದಾಗ ಹೊಕ್ಕಿಯೆನ್ ಜನರ ಹಿರಿಯರು ಕಬ್ಬಿನ ಗದ್ದೆಯಲ್ಲಿ ಅಡಗಿ ಜೀವ ಉಳಿಸಿಕೊಂಡರಂತೆ.

ಸಸ್ಯಾಹಾರಿಗಳಾದರೆ 'ಚಿಯಾ ಚಾಯ್' ಅನ್ನಿ, ಅರ್ಥವಾಗುತ್ತೆ.