ಸೈಕಲ್, ತೂಕ ಮತ್ತು ಮನೆಮಂದಿ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣಕ್ಕೆ ಸಂಬಂಧಪಟ್ಟ ದಂಪತಿಯ ಲಿಖಿತ ಒಪ್ಪಿಗೆ ಪಡೆದು, ಹೆಸರು, ವಯಸ್ಸು, ಉದ್ಯೋಗ ಮತ್ತು ಗುರುತು ಹಿಡಿಯಬಹುದಾದ ಇತರ ವಿವರಗಳನ್ನು ಬದಲಿಸಿ ಬರೆದಿದ್ದೇನೆ. ವಿಜಯಪುರ ಸೀಮೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೇನೆ. ಅಲ್ಲಿಯ ಚಳಿ, ಅಲ್ಲಿಯ ಊಟ ಮತ್ತು ಸೈಕಲ್ ಬಗ್ಗೆ ಆ ಜನಕ್ಕಿರುವ ಅಭಿಮಾನವನ್ನು ತೆಗೆದುಹಾಕಿದರೆ ಈ ಸಮಸ್ಯೆ ಹೇಗೆ ಬೆಳೆಯಿತೆಂಬುದು ತಿಳಿಯುವುದಿಲ್ಲ.

ಬಸವರಾಜ ಎಂದು ಇಲ್ಲಿ ಕರೆಯುವ ನಲವತ್ತಮೂರು ವರ್ಷದ ಕಚೇರಿ ನೌಕರರು, ಎಳ್ಳ ಅಮಾವಾಸ್ಯೆ ಮುಗಿದ ವಾರದಲ್ಲಿ ಪತ್ನಿಯೊಂದಿಗೆ ಬಂದರು. ದೀಪಾವಳಿಗೆ ಮೊದಲು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಅವರ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಅಳತೆ, ಶೇಕಡಾ 6.1 ಬಂದಿತ್ತು. 5.7ರಿಂದ 6.4ರವರೆಗಿನ ಪ್ರಮಾಣವನ್ನು ಮಧುಮೇಹದ ಪೂರ್ವಸ್ಥಿತಿ ಎಂದು ಪರಿಗಣಿಸುತ್ತಾರೆ. ಎತ್ತರ 168 ಸೆಂಟಿಮೀಟರ್, ತೂಕ 91 ಕಿಲೋ. ಆರು ತಿಂಗಳಲ್ಲಿ ಐದಾರು ಕಿಲೋ ಇಳಿಸಿಕೊಂಡು ಮತ್ತೆ ಬನ್ನಿ ಎಂದು ವೈದ್ಯರು ಹೇಳಿದ್ದರು. ಅದು ಸರಿಯಾದ, ಸಾಧ್ಯವಾದ ಗುರಿಯೇ ಆಗಿತ್ತು. ಬಸವರಾಜ ಅವರು ಅದನ್ನು ಮನಸ್ಸಿನಲ್ಲೇ ಎರಡು ತಿಂಗಳಲ್ಲಿ ಹದಿನೈದು ಕಿಲೋ ಎಂದು ಮಾರ್ಪಡಿಸಿಕೊಂಡಿದ್ದರು.

ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ರೇಸ್ ಸೈಕಲ್ ಎಂಬುದು ಶೋಕಿಯ ವಸ್ತುವಲ್ಲ. ಎರಡೂ ಕಡೆ ಸೈಕ್ಲಿಂಗ್ ಕ್ರೀಡಾ ನಿಲಯಗಳಿದ್ದು, ರೈತ ಕುಟುಂಬದ ಮಕ್ಕಳು ಅಲ್ಲಿ ತರಬೇತಿ ಪಡೆದು ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ಬೆಳಗಿನ ಜಾವ ಹೆದ್ದಾರಿಯಲ್ಲಿ ಸಾಲಾಗಿ ಹೋಗುವ ಹುಡುಗರನ್ನು ನೋಡುತ್ತ ಬೆಳೆದ ಬಸವರಾಜರಿಗೆ, ತೂಕ ಇಳಿಸಲು ಸೈಕಲ್ಲಿಗಿಂತ ಬೇರೆ ದಾರಿ ತೋಚಲಿಲ್ಲ. ಬಳಸಿದ ರೇಸ್ ಸೈಕಲ್ ಒಂದನ್ನು ಕೊಂಡು, ದಿನವೂ ನಸುಕಿನ ಐದೂವರೆಗೆ ಹೊರಡತೊಡಗಿದರು.

ಮೊದಲ ಭೇಟಿಯಲ್ಲಿ ಅವರು ಹೇಳಿದ್ದು ಇಷ್ಟು: "ಮೇಡಂ, ದಿನಾ ಇಪ್ಪತ್ತೈದ್ ಕಿಲೋಮೀಟರ್ ಹೊಡಿತೀನ್ರಿ. ಆದ್ರೂ ತೂಕ ಇಳಿಯವಲ್ದು. ನನ್ನ ಮೈಯಾಗ ಏನರ ದೋಷ ಐತಿ ಅಂತ ಅನಸ್ತೈತಿ."

ಪತ್ನಿ ಅಲ್ಲಿಯವರೆಗೆ ಸುಮ್ಮನಿದ್ದವರು, "ದೋಷ ಮೈಯಾಗ ಇಲ್ರಿ ಮೇಡಂ, ಆ ಮಷೀನಿನ್ಯಾಗ ಐತಿ. ಇವರು ದಿನಕ್ಕ ಮೂರ್ ಸಲ ಅದರ ಮ್ಯಾಲ ನಿಂದರತಾರ. ಈಗ ನಮ್ಮ ಹುಡುಗನೂ ನಿಂದರಾಕ ಹತ್ಯಾನ" ಎಂದರು.

ಆ ತಾಯಿ ಗಂಡನನ್ನು ಇಲ್ಲಿಗೆ ಕರೆತಂದದ್ದು ಮುಖ್ಯವಾಗಿ ಮಗನಿಗಾಗಿ. ಹದಿಮೂರರ ಆ ಹುಡುಗ ಶಾಲೆಯಿಂದ ಬಂದವನೇ ಸಮವಸ್ತ್ರದಲ್ಲೇ ತೂಕ ನೋಡಿಕೊಳ್ಳುವುದು, ರಾತ್ರಿ ಊಟಕ್ಕೆ ಹಸಿವಿಲ್ಲ ಎನ್ನುವುದು ಆರಂಭವಾಗಿತ್ತು. ತಂದೆ ಗೋಡೆಯ ಕ್ಯಾಲೆಂಡರಿನಲ್ಲಿ ತನ್ನ ತೂಕವನ್ನು ಬರೆಯುತ್ತಿದ್ದ ಚೌಕದ ಮೂಲೆಯಲ್ಲಿ, ಪೆನ್ಸಿಲ್ಲಿನಿಂದ ಸಣ್ಣದಾಗಿ ಇನ್ನೊಂದು ಅಂಕಿ ಕಾಣಿಸಿಕೊಂಡಾಗ ಅದು ಯಾರದೆಂದು ತಂದೆಗೆ ಹೊಳೆಯಲಿಲ್ಲ, ಹಾಲಿನ ಲೆಕ್ಕವೆಂದುಕೊಂಡಿದ್ದರಂತೆ.

ಇಬ್ಬರೊಂದಿಗೂ ಒಟ್ಟಾಗಿ ಮತ್ತು ಪ್ರತ್ಯೇಕವಾಗಿ ಮಾತನಾಡಿದ ಮೇಲೆ ತಿಳಿದ ದಿನಚರಿ ಹೀಗಿತ್ತು. ಎದ್ದಕೂಡಲೇ ತೂಕ. ಖಾಲಿ ಹೊಟ್ಟೆಯಲ್ಲಿ ಸೈಕಲ್. ಬಂದಮೇಲೆ ಬೆವರು ಒರೆಸಿಕೊಂಡು ಮತ್ತೆ ತೂಕ. ಅಂಕಿ ಇಳಿದಿದ್ದರೆ ನಾಷ್ಟಾ ಉಂಟು, ಏರಿದ್ದರೆ ಬರಿಯ ಚಹಾ ಕುಡಿದು ಕಚೇರಿ, ಸಂಜೆ ಮತ್ತೊಮ್ಮೆ ಸೈಕಲ್. ಇಡೀ ದಿನ ಹೀಗೆ ಹಸಿದಿದ್ದವರು ವಾರದಲ್ಲಿ ಎರಡು ರಾತ್ರಿಯಾದರೂ, ಎಲ್ಲರೂ ಮಲಗಿದ ಮೇಲೆ, ದೀಪ ಹಾಕದೆ ಅಡುಗೆಮನೆಯಲ್ಲಿ ನಿಂತುಕೊಂಡೇ ಡಬ್ಬಿಯಿಂದ ಶೇಂಗಾ ಹೋಳಿಗೆ, ಚಕ್ಕುಲಿ, ಸಿಕ್ಕಿದ್ದೆಲ್ಲವನ್ನೂ ಹೊಟ್ಟೆ ನೋಯುವವರೆಗೆ ತಿನ್ನುತ್ತಿದ್ದರು. ಮರುದಿನ ಆ ಅಪರಾಧಿ ಭಾವಕ್ಕೆ ಹತ್ತು ಕಿಲೋಮೀಟರ್ ಹೆಚ್ಚು ತುಳಿಯುತ್ತಿದ್ದರು. ಎಳ್ಳ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಇವರೊಬ್ಬರೇ ತಲೆನೋವೆಂದು ಹೇಳಿ ಮನೆಯಲ್ಲಿ ಉಳಿದಿದ್ದರು. ಹೊಲದಲ್ಲಿ ಕಡುಬು, ಭಜ್ಜಿ ಬಡಿಸಿದರೆ ಬೇಡವೆನ್ನಲಾಗದು ಎಂಬ ಹೆದರಿಕೆ.

ಇಂಥ ಸಂದರ್ಭದಲ್ಲಿ ಸಲಹೆಗೆ ಮುಂಚೆ ಕೆಲವು ಪ್ರಶ್ನೆಗಳನ್ನು ಮುಜುಗರವಿಲ್ಲದೆ ಕೇಳಲೇಬೇಕು. ತಿಂದದ್ದನ್ನು ವಾಂತಿ ಮಾಡುತ್ತೀರಾ, ಭೇದಿಯ ಮಾತ್ರೆ ತೆಗೆದುಕೊಳ್ಳುತ್ತೀರಾ, ತೂಕ ಇಳಿಸುವ ಪುಡಿ ಅಥವಾ ಔಷಧಿ ಏನಾದರೂ ಬಳಸುತ್ತೀರಾ, ಬದುಕು ಬೇಡವೆನಿಸಿದ್ದುಂಟೇ? ಎಲ್ಲಕ್ಕೂ ಇಲ್ಲವೆಂಬ ಉತ್ತರ ಬಂತು. ಮಿತಿಮೀರಿ ತಿನ್ನುವ ಪ್ರಸಂಗಗಳು ವಾರಕ್ಕೊಮ್ಮೆಯಾದರೂ ಮೂರು ತಿಂಗಳ ಕಾಲ ನಡೆದಿದ್ದರೆ ಅದನ್ನು ತಿನ್ನುವಿಕೆಗೆ ಸಂಬಂಧಿಸಿದ ಮಾನಸಿಕ ಕಾಯಿಲೆಯ ದೃಷ್ಟಿಯಿಂದ ತಜ್ಞರು ಪರಿಶೀಲಿಸುತ್ತಾರೆ. ಇವರಲ್ಲಿ ಅದು ಆರಂಭವಾಗಿ ಒಂದೂವರೆ ತಿಂಗಳಾಗಿತ್ತು. ನಾನು ಯಾವ ಹೆಸರನ್ನೂ ಹಚ್ಚಲಿಲ್ಲ. ಒಂದು ತಿಂಗಳಲ್ಲಿ ಕಡಿಮೆಯಾಗದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು ಎಂಬ ಷರತ್ತನ್ನು ಮಾತ್ರ ಮೊದಲೇ ಒಪ್ಪಿಸಿಕೊಂಡೆ. ಇದರ ಜೊತೆಗೆ, ನಲವತ್ತು ದಾಟಿದ, ಸಕ್ಕರೆ ಏರುತ್ತಿರುವ ವ್ಯಕ್ತಿ ಚಳಿಯಲ್ಲಿ ಏದುಸಿರು ಬರುವಂತೆ ತುಳಿಯುತ್ತಿರುವುದರಿಂದ, ರಕ್ತದೊತ್ತಡ ಮತ್ತು ಇಸಿಜಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಅವರ ವೈದ್ಯರಲ್ಲಿಗೇ ಕಳಿಸಿದೆ. ಚಳಿಗೆ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಏರುತ್ತದೆ. ಎದೆ ಹಿಡಿದಂತಾದರೆ, ಎಡಗೈ ಅಥವಾ ದವಡೆಗೆ ನೋವು ಹರಿದರೆ ಅಲ್ಲಿಯೇ ಇಳಿದು ಸಹಾಯ ಕೇಳಬೇಕೆಂದು ಪತ್ನಿಯ ಎದುರಿಗೇ ಹೇಳಿದೆ. ವರದಿಗಳು ಸಮಾಧಾನಕರವಾಗಿದ್ದವು.

ಎರಡನೆಯ ಭೇಟಿಯಲ್ಲಿ ಲೆಕ್ಕ ಹಾಕಲು ಕುಳಿತೆವು, ಏಕೆಂದರೆ ಬಸವರಾಜರು ಅಂಕಿಗಳನ್ನು ನಂಬುವ ಮನುಷ್ಯ. ಅವರ ತೂಕದವರು ಒಂದು ಗಂಟೆ ಸಾಧಾರಣ ವೇಗದಲ್ಲಿ ಸೈಕಲ್ ತುಳಿದರೆ ಸುಮಾರು 600 ಕಿಲೋಕ್ಯಾಲರಿ ಖರ್ಚಾಗುತ್ತದೆ. ಒಂದು ಕಿಲೋ ಕೊಬ್ಬಿನಲ್ಲಿರುವುದು ಸುಮಾರು 7,700 ಕಿಲೋಕ್ಯಾಲರಿ. ಊಟ ಒಂದಿಷ್ಟೂ ಹೆಚ್ಚಾಗದಿದ್ದರೂ ಒಂದು ಕಿಲೋ ಇಳಿಯಲು ಹನ್ನೆರಡು, ಹದಿಮೂರು ಗಂಟೆಯ ಸವಾರಿ ಬೇಕು. ರಾತ್ರಿ ನಿಂತು ತಿಂದ ಎರಡು ದೊಡ್ಡ ಶೇಂಗಾ ಹೋಳಿಗೆ, ಮೇಲೆ ಸುರಿದ ತುಪ್ಪ, ಬೆಳಗಿನ ದುಡಿತವನ್ನು ಬಹುಮಟ್ಟಿಗೆ ಅಳಿಸಿಬಿಡುತ್ತವೆ. ಇನ್ನು ಯಂತ್ರ ದಿನದಿನಕ್ಕೆ ತೋರಿಸುವ ಏರಿಳಿತ ಬಹುಪಾಲು ನೀರಿನದು. ಸ್ನಾಯುಗಳು ಸಂಗ್ರಹಿಸಿಡುವ ಪಿಷ್ಟದ ಜೊತೆ ಅದರ ಮೂರು ಪಟ್ಟು ನೀರೂ ಸೇರಿಕೊಳ್ಳುತ್ತದೆ, ಹೊಸದಾಗಿ ದಣಿದ ಸ್ನಾಯು ಬಾತುಕೊಂಡು ಇನ್ನಷ್ಟು ನೀರು ಹಿಡಿಯುತ್ತದೆ, ಉಪ್ಪಿನಕಾಯಿ ಹೆಚ್ಚು ತಿಂದರೂ ಮರುದಿನ ಅಂಕಿ ಏರುತ್ತದೆ. ಬೆವರಿದ ಮೇಲೆ ಕಂಡ ಅರ್ಧ ಕಿಲೋ ಇಳಿತ ಒಂದು ತಂಬಿಗೆ ನೀರು ಕುಡಿದರೆ ಮಾಯ. ಬಸವರಾಜರು ಕ್ಯಾಲೆಂಡರಿನ ಹಾಳೆಗಳನ್ನು ತಿರುವಿ ನೋಡಿ, ತಾವು ಎರಡು ತಿಂಗಳು ತಮ್ಮನ್ನು ಶಿಕ್ಷಿಸಿಕೊಂಡದ್ದು ನೀರಿನ ಲೆಕ್ಕಕ್ಕೆ ಎಂದು ತಾವೇ ಹೇಳಿದರು.

ಅವರಿಗೆ ಹೆಚ್ಚು ಉಪಯೋಗವಾದದ್ದು ಇನ್ನೊಂದು ಮಾಹಿತಿ. 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಮಧುಮೇಹದ ಪೂರ್ವಸ್ಥಿತಿಯಲ್ಲಿದ್ದ ಜನ ಊಟ ಮತ್ತು ಚಟುವಟಿಕೆಯನ್ನು ಬದಲಿಸಿಕೊಂಡಾಗ ಮಧುಮೇಹ ಬರುವ ಅಪಾಯ ಮೂರು ವರ್ಷಗಳಲ್ಲಿ ಶೇಕಡಾ 28ರಷ್ಟು ತಗ್ಗಿತ್ತು. ಅವರ ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತೂಕ ಇಳಿಯುವುದೇ ಬೇಡವೆಂದು ಇದರ ಅರ್ಥವಲ್ಲ, ಇಳಿದರೆ ಲಾಭ ಹೆಚ್ಚು. ಆದರೆ ಯಂತ್ರ ಸುಮ್ಮನಿದ್ದ ವಾರಗಳಲ್ಲೂ ಸೈಕಲ್ ಒಳಗೆ ತನ್ನ ಕೆಲಸ ಮಾಡುತ್ತಿರುತ್ತದೆ ಎಂಬುದು ಅವರ ಕಿವಿಗೆ ಬಿದ್ದದ್ದು ಅದೇ ಮೊದಲು.

ಹಾಗಾದರೆ ಈ ಅವಸರ ಎಲ್ಲಿಂದ ಬಂತು? ರಕ್ತಪರೀಕ್ಷೆಯಿಂದ ಎಂದು ಅವರು ಹೇಳುತ್ತಿದ್ದರೂ ನನಗೆ ಅದು ಪೂರ್ಣ ಉತ್ತರವೆನಿಸಲಿಲ್ಲ. ಮೂರನೆಯ ಭೇಟಿಯಲ್ಲಿ, ಒಬ್ಬರೇ ಇದ್ದಾಗ, ಸಂಬಂಧಿಕರ ಮದುವೆಯೊಂದರ ಸಂಗತಿ ಹೇಳಿದರು. ಆಯೇರಿಗೆ ತಂದಿದ್ದ ಸಿದ್ಧ ಅಂಗಿಯನ್ನು ಅಲ್ಲಿಯೇ ಹಾಕಿ ತೋರಿಸೆಂದು ಹಿರಿಯರು ಒತ್ತಾಯಿಸಿದರು, ಗುಂಡಿ ಕೂಡಲಿಲ್ಲ, ದೊಡ್ಡಪ್ಪನ ಮಗ ಮೈಕಿನಲ್ಲಿ ಒಂದು ಚೇಷ್ಟೆಯ ಮಾತು ಆಡಿದ, ಮಂಟಪವೆಲ್ಲ ನಕ್ಕಿತು. ನಕ್ಕವರಲ್ಲಿ ಮಗನೂ ಇದ್ದ. ಇದನ್ನು ಪತ್ನಿಗೂ ಹೇಳಿರಲಿಲ್ಲ. ಸಕ್ಕರೆಯ ವರದಿ ಬಂದದ್ದು ಅದಾದ ಮುಂದಿನ ತಿಂಗಳು. ಎರಡೂ ಒಂದಾಗಿ ಗಂಟುಬಿದ್ದು, ವೈದ್ಯರ ಆರು ತಿಂಗಳ ಸಲಹೆ ಎರಡು ತಿಂಗಳ ಹಟವಾಯಿತು. ದೇಹದ ಬಗ್ಗೆ ನಮ್ಮ ಸಮಾರಂಭಗಳಲ್ಲಿ ಸಲುಗೆಯ ಹೆಸರಿನಲ್ಲಿ ಆಡುವ ಮಾತುಗಳನ್ನು ನಾನು ಸಣ್ಣದೆಂದು ಭಾವಿಸುವುದಿಲ್ಲ. ಗಂಡಸರು ಅವುಗಳಿಂದ ನೋಯುವುದಿಲ್ಲ ಎಂಬ ನಂಬಿಕೆಯಂತೂ ಶುದ್ಧ ಸುಳ್ಳು.

ಸಲಹೆಗಳನ್ನು ಮೂರು ನಾಲ್ಕು ಭೇಟಿಗಳಲ್ಲಿ, ಅವರಿಗೆ ಹೊಂದುವಷ್ಟನ್ನೇ ಕೊಡುತ್ತ ಹೋದೆ. ತೂಕದ ಯಂತ್ರ ಅಟ್ಟದ ಮೇಲೂ ಬೇಡ, ಮನೆಯಿಂದ ಹೊರಗಿರಲಿ ಎಂದೆ; ಅವರು ಅದನ್ನು ತಂಗಿಯ ಮನೆಗೆ ಕೊಟ್ಟರು. ತೂಕ ಮತ್ತು ಸೊಂಟದ ಸುತ್ತಳತೆಯನ್ನು ತಿಂಗಳಿಗೊಮ್ಮೆ ವೈದ್ಯರಲ್ಲಿ ನೋಡಿಸುವುದು ಸಾಕು. ಗಂಡನ ಊಟಕ್ಕೆ ಕಾವಲಿರುವ ಕೆಲಸವನ್ನು ಪತ್ನಿಗೆ ವಹಿಸಲು ಅವರಿಬ್ಬರೂ ಸಿದ್ಧರಿದ್ದರು, ನಾನು ಒಪ್ಪಲಿಲ್ಲ. ಬಚ್ಚಿಟ್ಟು ತಿನ್ನುವ ಅಭ್ಯಾಸಕ್ಕೆ ಕಾವಲುಗಾರರಿದ್ದಷ್ಟೂ ಬಲ ಬರುತ್ತದೆ.

ಊಟದ ವಿಷಯದಲ್ಲಿ ಅತಿ ಮುಖ್ಯವಾದದ್ದು ಹಸಿವಿನಿಂದ ಬಳಲದಿರುವುದು. ಹೊರಡುವ ಮುನ್ನ ಒಂದು ಬಾಳೆಹಣ್ಣು, ಬಂದ ಒಂದು ಗಂಟೆಯೊಳಗೆ ಹೊಟ್ಟೆ ತುಂಬುವ ನಾಷ್ಟಾ, ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಸೊಪ್ಪು, ಮೊಸರು, ರಾತ್ರಿ ಎಂಟರೊಳಗೆ ಅಷ್ಟೇ ನೆಮ್ಮದಿಯ ಊಟ. ಶೇಂಗಾ ಹೋಳಿಗೆಯನ್ನು ನಿಷೇಧಿಸಲಿಲ್ಲ. ತಿನ್ನಬೇಕೆನಿಸಿದರೆ ತಾಟಿನಲ್ಲಿ ಹಾಕಿಕೊಂಡು, ಎಲ್ಲರೊಂದಿಗೆ ಕುಳಿತು, ದೀಪದ ಬೆಳಕಿನಲ್ಲಿ ತಿನ್ನಬೇಕೆಂಬುದು ಮಾತ್ರ ಕರಾರು. ಇದು ಕೆಲಸ ಮಾಡುವುದೆಂದು ಪತ್ನಿಗೆ ನಂಬಿಕೆ ಬರಲು ಮೂರು ವಾರ ಬೇಕಾಯಿತು.

ಸವಾರಿಯನ್ನು ವಾರಕ್ಕೆ ನಾಲ್ಕು ದಿನಕ್ಕೆ ಇಳಿಸಿದೆವು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮವನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ದಿನಕ್ಕೊಂದು ಗಂಟೆಯಂತೆ ನಾಲ್ಕು ದಿನ ಅದರೊಳಗೇ ಬರುತ್ತದೆ. ಉಳಿದ ದಿನಗಳಲ್ಲಿ ಎರಡು ದಿನ ಬೈಠಕ್, ದಂಡದಂಥ ಸ್ನಾಯು ಬಲಪಡಿಸುವ ವ್ಯಾಯಾಮ. ತಿಂದದ್ದಕ್ಕೆ ಪ್ರಾಯಶ್ಚಿತ್ತವಾಗಿ ಸಂಜೆಯ ಸವಾರಿ ಮಾಡಕೂಡದು. ನಸುಕಿನಲ್ಲಿ ಹೊರಡುವುದನ್ನು ನಾನು ಖಡಾಖಂಡಿತವಾಗಿ ಬೇಡವೆಂದೆ. ಜನವರಿಯಲ್ಲಿ ವಿಜಯಪುರದಲ್ಲಿ ಸೂರ್ಯೋದಯವಾಗುವುದು ಏಳರ ಸುಮಾರಿಗೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಿಂದೀಪವಿಲ್ಲದೆ ಕತ್ತಲಲ್ಲಿ ಓಡಾಡುತ್ತವೆ, ರಸ್ತೆಬದಿಯಲ್ಲಿ ನಿಂತಿರುತ್ತವೆ, ಉದುರಿದ ಕಬ್ಬು ಸಣ್ಣ ಗಾಲಿಯ ಕೆಳಗೆ ಸಿಕ್ಕರೆ ಬೀಳುವುದು ಖಚಿತ. ಬೆಳಕು ಹರಿದ ಮೇಲೆ ಹೊರಟು, ಹಿಂದೆ ಕೆಂಪು ದೀಪ ಹಾಕಿಕೊಂಡು, ಹೆಲ್ಮೆಟ್ ಒಳಗೆ ದಪ್ಪ ಉಣ್ಣೆಯ ಟೋಪಿಯ ಬದಲು ತೆಳು ಬಟ್ಟೆ ಕಟ್ಟಿಕೊಳ್ಳುವುದು ಲೇಸು. ದಪ್ಪ ಟೋಪಿಯಿಂದ ಹೆಲ್ಮೆಟ್ ತಲೆಗೆ ಸರಿಯಾಗಿ ಕೂಡುವುದಿಲ್ಲ. ಒಂದೇ ದಪ್ಪ ಸ್ವೆಟರಿಗಿಂತ ಎರಡು ತೆಳು ಅಂಗಿ, ಕೈಗವಸು. ಬಾಯಾರಿಕೆ ತಿಳಿಯದ ಚಳಿಯಲ್ಲೂ ನಡುನಡುವೆ ನೀರು. ಮೊಣಕಾಲು ನೋವಿಗೆ ಕಾರಣ ತಗ್ಗಾದ ಸೀಟು ಮತ್ತು ಭಾರದ ಗೇರು ಎಂದು ಊರಿನ ಹಳೆಯ ಸೈಕಲ್‌ ಪಟುವೊಬ್ಬರು ನೋಡಿದಕೂಡಲೇ ಹೇಳಿ, ಸೀಟು ಎತ್ತರಿಸಿಕೊಟ್ಟರು. ವೇಗದ ಅಳತೆಯೊಂದನ್ನು ನಾನು ಕೊಟ್ಟೆ: ಪಕ್ಕದವರೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗಬೇಕು. ಕ್ರೀಡಾ ನಿಲಯದ ಹುಡುಗರ ಬೆನ್ನುಹತ್ತುವುದಕ್ಕೆ ಇದು ಅಡ್ಡಿಯೆಂದು ಅವರು ಬೇಸರಪಟ್ಟರು. ಅಡ್ಡಿಯಾಗಲೆಂದೇ ಕೊಟ್ಟದ್ದು.

ಮಗನ ವಿಷಯವನ್ನು ತಡಮಾಡಲಿಲ್ಲ. ಮಕ್ಕಳ ವೈದ್ಯರು ನೋಡಿ, ಬೆಳೆಯುವ ವಯಸ್ಸಿಗೆ ತಕ್ಕ ತೂಕವಿದೆ ಎಂದರು. ಮನೆಯಲ್ಲಿ ಯಾರ ಮೈಯ ಬಗ್ಗೆಯೂ, ಮೆಚ್ಚಿ ಕೂಡ, ಮಾತು ಬೇಡವೆಂದು ಎಲ್ಲರೂ ಒಪ್ಪಿದರು. ತಂದೆಯೇ ಮಗನನ್ನು ಕೂರಿಸಿಕೊಂಡು, "ಡಾಕ್ಟರು ಹೇಳ್ಯಾರಂತ ನಾ ಸೈಕಲ್ ಹೊಡಿತೀನಿ. ಊಟ ಬಿಟ್ಟದ್ದು ನಾ ಮಾಡಿದ ತಪ್ಪು. ನೀ ಹೊಟ್ಟಿತುಂಬ ಉಣ್ಣು" ಎಂದು ಹೇಳಬೇಕೆಂದೆ. ಮದುವೆಯ ನಗುವಿನ ಪ್ರಸ್ತಾಪವನ್ನು ಮಾಡುವುದೋ ಬೇಡವೋ ಅವರಿಗೇ ಬಿಟ್ಟೆ. ಮಾಡಿದರಂತೆ, ಹುಡುಗ ಅತ್ತನಂತೆ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ನೆಂಟರು ಬರುವವರಿದ್ದರಿಂದ, ದೊಡ್ಡಪ್ಪನ ಮಗನಿಗೆ ಕೊಡಬೇಕಾದ ಉತ್ತರವನ್ನು ಇಲ್ಲಿಯೇ ನಾಲ್ಕಾರು ಸಲ ಆಡಿ ನೋಡಿದೆವು. ಕೊನೆಗೆ ಉಳಿದದ್ದು ಒಂದೇ ಸಾಲು: "ಅಣ್ಣಾ, ಆ ಮಾತು ನನಗ ಹಿಡಸೂದಿಲ್ಲ, ಮಕ್ಕಳ ಮುಂದ ಆಡಬ್ಯಾಡ." ಜಾತ್ರೆಯಲ್ಲಿ ಅದನ್ನು ಹೇಳಿದಾಗ ಆತ ಒಂದು ಗಳಿಗೆ ಮಂಕಾಗಿ, ಆಮೇಲೆ ಸೀತನಿ ತಿನ್ನಲು ಹೊಲಕ್ಕೆ ಕರೆದನಂತೆ.

ಫೆಬ್ರವರಿ ಮುಗಿಯುವ ಹೊತ್ತಿಗೆ ರಾತ್ರಿಯ ತಿನ್ನಾಟ ಇಡೀ ತಿಂಗಳಲ್ಲಿ ಒಮ್ಮೆ ಮಾತ್ರ ಆಗಿತ್ತು, ಆದ್ದರಿಂದ ಮನೋವೈದ್ಯರ ಭೇಟಿಯನ್ನು ಮುಂದೂಡಿದ್ದೇವೆ. ವೈದ್ಯರಲ್ಲಿ ನೋಡಿದ ತೂಕ 88.5 ಕಿಲೋ, ಸೊಂಟ ಮೂರು ಸೆಂಟಿಮೀಟರ್ ಕಡಿಮೆ. ಎಚ್‌ಬಿಎ1ಸಿ ಪರೀಕ್ಷೆ ಏಪ್ರಿಲಿನಲ್ಲಿ. ಮಗ ರವಿವಾರ ತಂದೆಯ ಜೊತೆ ತನ್ನ ಸೈಕಲ್ಲಿನಲ್ಲಿ ಹೋಗುತ್ತಾನೆ.

ದಂಪತಿಯ ನಡುವೆ ಒಂದು ಭಿನ್ನಾಭಿಪ್ರಾಯ ಉಳಿದಿದೆ. ಮುಂದಿನ ಚಳಿಗಾಲದಲ್ಲಿ ನೂರು ಕಿಲೋಮೀಟರಿನ ಸವಾರಿಯೊಂದಕ್ಕೆ ಸೇರಬೇಕೆಂದು ಗಂಡನ ಆಸೆ, ಹೆದ್ದಾರಿಯ ಭಯದಿಂದ ಹೆಂಡತಿಯ ವಿರೋಧ. ಈಗಲೇ ತೀರ್ಮಾನ ಬೇಡ, ಬಿಸಿಲುಗಾಲದ ಊಟ ಮತ್ತು ನಿದ್ದೆ ಹೇಗೆ ಹೋಗುತ್ತವೆ ನೋಡೋಣ, ಹೋಗುವುದಾದರೆ ಯಾವ ದಾರಿ, ಯಾವ ಹೊತ್ತು, ಜೊತೆಗೆ ಯಾರು ಎಂಬುದನ್ನು ದಸರೆಯ ನಂತರದ ಭೇಟಿಯಲ್ಲಿ ಇಬ್ಬರೂ ಕುಳಿತು ಬರೆದುಕೊಳ್ಳಿ ಎಂದು ಹೇಳಿದ್ದೇನೆ.