‘ಮೊದಲು ತೂಕ ಇಳಿಸಿ, ಆಮೇಲೆ ಬನ್ನಿ’ ಅಂದರು

ಪ್ರಶ್ನೆ: ಡಾಕ್ಟರೇ, ನನ್ನ ಮಗಳಿಗೆ 19 ವರ್ಷ. ಬಿ.ಕಾಂ. ಓದುತ್ತಿದ್ದಾಳೆ. ಎತ್ತರ 5 ಅಡಿ 2 ಇಂಚು, ತೂಕ 84 ಕೆ.ಜಿ. ಮನೆಗೆ ಬಂದವರೆಲ್ಲ ‘ಏನೇ ಇಷ್ಟು ದಪ್ಪ ಆಗಿದ್ದೀಯ, ನಾಳೆ ಯಾರು ಮದುವೆ ಆಗ್ತಾರೆ’ ಅಂತಾರೆ. ಒಂದು ಗೃಹಪ್ರವೇಶದಲ್ಲಿ ನನ್ನ ಅಣ್ಣ ಪಂಕ್ತಿಯಲ್ಲಿ ಎಲ್ಲರ ಮುಂದೆ ‘ಅವಳಿಗೆ ಹೋಳಿಗೆ ಹಾಕ್ಬೇಡಿ’ ಅಂದ. ಅವತ್ತಿನಿಂದ ಅವಳು ಯಾವ ಸಮಾರಂಭಕ್ಕೂ ಬರುತ್ತಿಲ್ಲ. ಮುಂದಿನ ತಿಂಗಳು ಅಣ್ಣನ ಮಗಳದೇ ಮದುವೆ. ಬಲವಂತ ಮಾಡಲಾ? ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದೆ. ಡಾಕ್ಟರ್ ಹತ್ತಿರ ಹೋದರೆ ‘ಮೊದಲು ತೂಕ ಇಳಿಸಿ, ಆಮೇಲೆ ಬನ್ನಿ’ ಅಂದರು. ಕತ್ತಿನ ಸುತ್ತ ಕಪ್ಪಾಗಿದೆ, ಎಷ್ಟು ತಿಕ್ಕಿದರೂ ಹೋಗಲ್ಲ. ಹಗಲು ಊಟ ಬಿಡುತ್ತಾಳೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ತಿನ್ನುತ್ತಾಳೆ. ಮೊಬೈಲಿನಲ್ಲಿ ನೋಡಿ ಏನೋ ಪುಡಿ ತರಿಸಿದ್ದಾಳೆ. ನಾನೂ ಬೈತೀನಿ, ಅವಳ ಒಳ್ಳೇದಕ್ಕೇ. ಬೈಯದೆ ಬಿಟ್ಟರೆ ಇನ್ನೂ ಜಾಸ್ತಿ ಆಗಲ್ವಾ?
— ಹೆಸರು ಬೇಡ, ತಿಪಟೂರು

ಉತ್ತರ: ಕೊನೆಯ ಪ್ರಶ್ನೆ ಮೊದಲು. ಬೈಯೋದು ನಿಲ್ಲಿಸಿದರೆ ತೂಕ ಜಾಸ್ತಿ ಆಗೋದಿಲ್ಲ. ಬೈದರೆ ಆಗಬಹುದು. ಇದನ್ನು ನಿಮ್ಮ ಸಮಾಧಾನಕ್ಕೆ ಹೇಳುತ್ತಿಲ್ಲ. ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ನಾಲ್ಕು ವರ್ಷ ಗಮನಿಸಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಶುರುವಿನಲ್ಲಿ ಬೊಜ್ಜು ಇಲ್ಲದವರ ಪೈಕಿ, ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದವರಿಗೆ ಆಮೇಲೆ ಬೊಜ್ಜು ಬರುವ ಸಾಧ್ಯತೆ ಉಳಿದವರಿಗಿಂತ ಎರಡೂವರೆ ಪಟ್ಟು ಇತ್ತು. ಅದು ಹೇಗೆ ಅನ್ನೋದಕ್ಕೆ ನಿಮ್ಮ ಅಡುಗೆಮನೆಯೇ ಸಾಕ್ಷಿ. ಎಲ್ಲರ ಕಣ್ಣೂ ತಟ್ಟೆಯ ಮೇಲಿದ್ದರೆ ಹಗಲು ಊಟ ಸೇರೋದಿಲ್ಲ. ಹಸಿವು ಎಲ್ಲಿಗೂ ಹೋಗೋದಿಲ್ಲ, ಕಾಯುತ್ತಿರುತ್ತದೆ. ರಾತ್ರಿ ಕದ್ದು ತಿಂದಾಗ ಎಷ್ಟು ತಿಂದೆ ಅಂತ ಗೊತ್ತಾಗೋದಿಲ್ಲ. ಬೆಳಗ್ಗೆ ನಾಚಿಕೆ, ಮತ್ತೆ ಉಪವಾಸ.

ಹೀಗೆ ತಡೆಯಲಾಗದೆ ತಿನ್ನೋದು ವಾರಕ್ಕೊಮ್ಮೆಯಾದರೂ ನಡೆದು, ತಿಂಗಳುಗಟ್ಟಲೆ ಮುಂದುವರಿದರೆ ಅದು ಚಿಕಿತ್ಸೆ ಇರುವ ಒಂದು ಕಾಯಿಲೆ. ಅವಳನ್ನು ಅಡುಗೆಮನೆಯಲ್ಲಿ ಹಿಡಿದು ಕೇಳಬೇಡಿ. ಬೇರೆ ಯಾವಾಗಲಾದರೂ, ಇಬ್ಬರೇ ಇದ್ದಾಗ, ‘ರಾತ್ರಿ ನಿದ್ದೆ ಬರ್ತಿಲ್ವಾ ಮಗಾ?’ ಅಂತ ಶುರು ಮಾಡಿ. ನಿಮ್ಮ ಹತ್ತಿರ ಹೇಳಲು ಆಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಇನ್ನು ಕತ್ತು. ದಯವಿಟ್ಟು ತಿಕ್ಕೋದು ನಿಲ್ಲಿಸಿ. ನನ್ನ ಹತ್ತಿರ ಬರುವ ಎಷ್ಟೋ ಹುಡುಗಿಯರು ನಿಂಬೆಹಣ್ಣು, ಸೋಡಾಪುಡಿ, ಒರಟು ನಾರು ಎಲ್ಲ ಹಾಕಿ ಉಜ್ಜಿ ಚರ್ಮ ಸುಲಿದುಕೊಂಡು ಬರುತ್ತಾರೆ. ‘ಸರಿಯಾಗಿ ಸ್ನಾನ ಮಾಡಲ್ಲ’ ಅಂತ ಯಾರೋ ಅಂದಿರುತ್ತಾರೆ. ಅದು ಕೊಳೆಯಲ್ಲ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇದ್ದಾಗ ಕತ್ತು, ಕಂಕುಳಲ್ಲಿ ಚರ್ಮ ಹೀಗೆ ದಪ್ಪವಾಗಿ ಕಪ್ಪಾಗುತ್ತದೆ. ಅದರ ಜೊತೆಗೆ ಮುಟ್ಟು ತಪ್ಪುತ್ತಿದೆ ಅಂದರೆ ನಾನು ಮೊದಲು ಯೋಚಿಸುವುದು ಪಿಸಿಓಎಸ್ ಬಗ್ಗೆ, ಅಂದರೆ ಹಾರ್ಮೋನು ಏರುಪೇರಾಗಿ ಅಂಡಾಶಯ ಸರಿಯಾಗಿ ಕೆಲಸ ಮಾಡದ ತೊಂದರೆ. ಅದರಲ್ಲಿ ತೂಕ ಬೇಗ ಏರುತ್ತದೆ, ಇಳಿಯೋದು ನಿಧಾನ. ಬರೀ ತಿನ್ನೋದರಿಂದ ಹೀಗಾಯಿತು ಅಂತ ಅವಳ ಮೇಲೆ ಹೊರೆ ಹೊರಿಸಿದ್ದೇ ಅನ್ಯಾಯ.

ಆದ್ದರಿಂದ ‘ತೂಕ ಇಳಿಸಿ ಬನ್ನಿ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತೂಕ ಇಳಿದರೆ ಅವಳಿಗೆ ಲಾಭವಿದೆ, ನಿಜ. ಈಗಿನ ತೂಕದ 100ಕ್ಕೆ 5ರಿಂದ 10ರಷ್ಟು ಇಳಿದರೂ ಎಷ್ಟೋ ಜನರಿಗೆ ಮುಟ್ಟು ಸರಿಹೋಗುತ್ತದೆ. ಆದರೆ ಕಾರಣ ಹುಡುಕದೆ ಮನೆಗೆ ಕಳಿಸೋದು ಚಿಕಿತ್ಸೆಯಲ್ಲ. ಬೇರೆ ಸ್ತ್ರೀರೋಗ ತಜ್ಞರನ್ನು ನೋಡಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಟೆಸ್ಟೊಸ್ಟೆರಾನ್ ಅನ್ನುವ ಹಾರ್ಮೋನುಗಳು, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ‘ಇದೇ ತೊಂದರೆ ಸಣ್ಣಗಿರುವ ಹುಡುಗಿಗೆ ಬಂದಿದ್ದರೆ ಏನು ಪರೀಕ್ಷೆ ಬರೆಯುತ್ತಿದ್ದಿರಿ ಡಾಕ್ಟರೇ, ಅದನ್ನೇ ಇವಳಿಗೂ ಬರೆಯಿರಿ’ ಅಂತ ಕೇಳೋದರಲ್ಲಿ ತಪ್ಪಿಲ್ಲ. ಬಿ.ಪಿ. ನೋಡುವಾಗ ತೋಳಿಗೆ ಅಗಲದ ಪಟ್ಟಿ ಹಾಕಲು ಹೇಳಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿ.ಪಿ. ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ನನ್ನ ಕ್ಲಿನಿಕ್ಕಿನಲ್ಲಿ ಎರಡು ಅಳತೆಯ ಪಟ್ಟಿ ಇವೆ. ತೂಕದ ಯಂತ್ರವನ್ನು ಒಳಗಿನ ಕೋಣೆಯಲ್ಲಿ ಇಟ್ಟಿದ್ದೇನೆ. ಕಾಯುತ್ತಾ ಕೂತ ಹತ್ತು ಜನರ ಮುಂದೆ ನರ್ಸ್ ಕಿಲೋ ಲೆಕ್ಕ ಕೂಗಿದರೆ, ಆ ರೋಗಿ ಮುಂದಿನ ಸಲ ಎದೆನೋವು ಬಂದರೂ ಬರೋದಿಲ್ಲ. ನನಗೆ ಬೊಜ್ಜಿಗಿಂತ ಜಾಸ್ತಿ ಹೆದರಿಕೆ ಈ ‘ಬರದೇ ಇರೋದರ’ ಬಗ್ಗೆ.

ನಿಮ್ಮ ಅಣ್ಣನವರ ವಿಷಯ. ದಪ್ಪಗಿರುವವರು ಸೋಮಾರಿಗಳು, ಬಾಯಿ ಕಟ್ಟದವರು ಅಂತ ಬಹಳ ಜನ ನಂಬಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ತೂಕ ಜಾಸ್ತಿ ಇರುವವರು 2015–16ರಲ್ಲಿ 100ಕ್ಕೆ ಸುಮಾರು 23. ಮುಂದಿನ ಸಮೀಕ್ಷೆ ಹೊತ್ತಿಗೆ ಸುಮಾರು 30. ಆ ನಾಲ್ಕೈದು ವರ್ಷದಲ್ಲಿ ಇಷ್ಟೊಂದು ಹೆಂಗಸರು ಒಟ್ಟಿಗೆ ಸೋಮಾರಿಗಳಾದರೇ? ಬದಲಾದದ್ದು ಅಂಗಡಿಯಲ್ಲಿ ಸಿಗುವ ಆಹಾರ, ಕೂತು ಮಾಡುವ ಕೆಲಸ, ನಿದ್ದೆಯ ಹೊತ್ತು. ಹುಟ್ಟಿನಿಂದ ಬಂದ ಗುಣ ಅದರ ಜೊತೆ ಸೇರಿದವರಿಗೆ ತೂಕ ಏರುತ್ತದೆ, ಉಳಿದವರಿಗೆ ಅಷ್ಟು ಏರೋದಿಲ್ಲ.

ಸಣ್ಣಗಿದ್ದೇವೆ ಅನ್ನುವವರೂ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಲೆಕ್ಕ ಬರೆದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ) 22.3, ಒಂದೇ. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್‌ಗೆ 100ಕ್ಕೆ 9, ಯಾಜ್ಞಿಕ್‌ಗೆ 21. ನಮ್ಮ ಜನರಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆಯೊಳಗೆ ಕೊಬ್ಬು ಸೇರೋದು ಸಾಮಾನ್ಯ. ಹಾಗಾಗಿ ಒಂದು ಭಾನುವಾರ ಟೇಪು ಹಿಡಿದು ಮನೆಯ ದೊಡ್ಡವರೆಲ್ಲ ಸೊಂಟ ಅಳತೆ ಮಾಡಿಕೊಳ್ಳಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ ಅವರೂ ಸಕ್ಕರೆ ಪರೀಕ್ಷೆ ಮಾಡಿಸಬೇಕು. ಊಟ ಬದಲಾಯಿಸೋದಿದ್ದರೆ ಎಲ್ಲರಿಗೂ ಬದಲಾಯಿಸಿ. ಅನ್ನ ಸ್ವಲ್ಪ ಕಮ್ಮಿ, ಸೊಪ್ಪು, ಕಾಳಿನ ಪಲ್ಯ ಜಾಸ್ತಿ, ಸಂಜೆ ಬೇಕರಿ ತಿಂಡಿ ಮನೆಗೇ ತರಬೇಡಿ. ಅವಳೊಬ್ಬಳಿಗೆ ಬೇರೆ ತಟ್ಟೆ ಬೇಡ. ಬೆಳಗಿನ ತಿಂಡಿ ಅವಳು ಬಿಡದ ಹಾಗೆ ನೋಡಿಕೊಳ್ಳಿ, ಎಷ್ಟು ತಿಂದಳು ಅಂತ ಎಣಿಸಬೇಡಿ.

ಮದುವೆಗೆ ಬಲವಂತ ಬೇಡ. ಆದರೆ ಅದಕ್ಕಿಂತ ಮೊದಲು ನೀವು ಮಾಡುವ ಎರಡು ಕೆಲಸ ಇವೆ. ಅಣ್ಣನಿಗೆ ಫೋನ್ ಮಾಡಿ, ‘ಅವಳ ಊಟ, ಮೈ ಬಗ್ಗೆ ಯಾರೂ ಒಂದು ಮಾತೂ ಆಡಬಾರದು, ನೀನೂ ಸೇರಿ’ ಅಂತ ನೇರ ಹೇಳಿ. ತಂಗಿಯಾಗಿ ಹೇಳುವ ಹಕ್ಕು ನಿಮಗಿದೆ. ಎರಡನೆಯದು, ‘ಸಣ್ಣ ಆದ ಮೇಲೆ ಹೊಲಿಸೋಣ’ ಅನ್ನದೆ ಈಗಿನ ಅಳತೆಗೇ ಅವಳು ಇಷ್ಟಪಟ್ಟ ಬಟ್ಟೆ ಹೊಲಿಸಿ. ಇಷ್ಟಾದರೂ ಬರಲ್ಲ ಅಂದರೆ ಬಿಡಿ. ಯಾರಾದರೂ ಕೇಳಿದರೆ ಕಾರಣ ಮುಚ್ಚಿಡಬೇಡಿ.

ಆ ಪುಡಿಯನ್ನು ಸದ್ಯ ನಿಲ್ಲಿಸಲು ಹೇಳಿ, ಬೈಯದೆ. ತೂಕ ಇಳಿಸುವ ‘ಗಿಡಮೂಲಿಕೆ’ ಪುಡಿ, ಮಾತ್ರೆಗಳಲ್ಲಿ ಸಿಬುಟ್ರಮಿನ್ ಅನ್ನುವ ಔಷಧ ಗುಟ್ಟಾಗಿ ಬೆರೆಸಿರುವುದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಹೃದಯಾಘಾತ, ಪಾರ್ಶ್ವವಾಯು ತರುತ್ತದೆ ಅಂತ 2010ರಲ್ಲೇ ಅಮೆರಿಕ, ಯುರೋಪಿನ ಮಾರುಕಟ್ಟೆಯಿಂದ ತೆಗೆದ ಔಷಧ ಅದು. ಡಬ್ಬಿ ಎಸೆಯಬೇಡಿ. ಡಾಕ್ಟರ್ ಹತ್ತಿರ ಹೋಗುವಾಗ ಅದನ್ನೂ, ಕಳೆದ ಆರು ತಿಂಗಳ ಮುಟ್ಟಿನ ತಾರೀಖುಗಳನ್ನೂ ತೆಗೆದುಕೊಂಡು ಹೋಗಿ.